ಉಡಿಗೆ ತಂದ ತಾಟು

ಪೋತ್ನಾಳದಲ್ಲಿ ಖಾಲಿ ಬಿದ್ದಿರುವ ಒಂದೊಂದು ಮನೆಗೂ ಒಬ್ಬೊಬ್ಬ ಅಳಿಯ ಇದ್ದಾನೆ. ನಾನು ಗೇಟು ಸರಿಸಿ, "ಮನಿ ಬಾಡಿಗಿಗಿ ಅದೇನ್ರಿ?" ಎಂದು ಕೇಳುವ ತನಕ ಅವನ ಸುಳಿವೇ ಇರುವುದಿಲ್ಲ. ಮನೆಯವರು ನಗುನಗುತ್ತಾ ಕೋಣೆ ತೋರಿಸುತ್ತಾರೆ, ನಲ್ಲಿ ತಿರುಗಿಸಿ ನೀರು ತೋರಿಸುತ್ತಾರೆ, ಟೀಚರ್ ಬಂದರೆ ಒಳ್ಳೆಯದೇ ಆಯಿತು, ನಮ್ಮ ಹುಡುಗರಿಗೂ ನಾಲ್ಕು ಅಕ್ಷರ ಹೇಳಿಕೊಡಬಹುದು ಎನ್ನುತ್ತಾರೆ. ಆಮೇಲೆ ತಲೆಬಾಗಿಲ ಹತ್ತಿರ ಬಂದು ದನಿ ತಗ್ಗಿಸಿ, "ನೀವು ಯಾವ ಪೈಕಿ ಆದ್ರಿ?" ಎನ್ನುತ್ತಾರೆ. ನಾನು ಹೇಳುತ್ತೇನೆ. ಹೇಳಿದ ಕೂಡಲೇ ಸಿಂಧನೂರಿನಿಂದಲೋ ಗಂಗಾವತಿಯಿಂದಲೋ ಅಳಿಯ ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡುತ್ತಾನೆ. "ಅಯ್ಯ, ಮರ್ತೇಬಿಟ್ಟಿದ್ದೆ ನೋಡ್ರಿ ಟೀಚರ್. ನಮ್ಮ ಅಳಿಯ ಬರಾಂವ ಇದ್ದಾನ, ಈ ಮನಿ ಅವಂಗ ಬೇಕಾಗೇದ."

ಇಷ್ಟೊಂದು ಅಳಿಯಂದಿರು ನಿಜವಾಗಿ ಬಂದು ಇಳಿದರೆ ಪೋತ್ನಾಳದಲ್ಲಿ ಅವರಿಗೇ ಒಂದು ಬಡಾವಣೆ ಬೇಕಾದೀತು.

ನನ್ನ ಹೆಸರು ಸುಮಂಗಲಾ. ಅಲ್ಲಿಯ ಸರಕಾರಿ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತೇನೆ. ತವರು ದೇವದುರ್ಗ. ನನ್ನ ಗಂಡ ಯಲ್ಲಾಲಿಂಗ ರಾಯಚೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಜೊತೆಗಾರರೊಂದಿಗೆ ಅಲ್ಲೇ ಒಂದು ಖೋಲಿಯಲ್ಲಿ ಇದ್ದು ಭಾನುವಾರಕ್ಕೊಮ್ಮೆ ಬರುತ್ತಿದ್ದರು. ಹೆರಿಗೆ ರಜೆಯಲ್ಲಿದ್ದಾಗಲೇ ನನಗೆ ಪೋತ್ನಾಳಕ್ಕೆ ವರ್ಗವಾಯಿತು. ರಜೆ ಮುಗಿದಾಗ ಮಗಳು ಕಲ್ಯಾಣಿ ಆಗಷ್ಟೇ ಕೂಡಲು ಕಲಿಯುತ್ತಿದ್ದಳು. ಅವಳನ್ನು ದೇವದುರ್ಗದಲ್ಲಿ ಅವ್ವನ ಹತ್ತಿರ ಬಿಟ್ಟು ಓಡಾಡತೊಡಗಿದೆ. ದೇವದುರ್ಗದಿಂದ ಸಿರವಾರ, ಸಿರವಾರದಿಂದ ಮಾನ್ವಿ, ಮಾನ್ವಿಯಿಂದ ಪೋತ್ನಾಳ. ನಾನು ಹೊರಡುವಾಗ ಮಗು ಮಲಗಿರುತ್ತಿತ್ತು, ವಾಪಸು ಬರುವಾಗಲೂ ಮಲಗಿರುತ್ತಿತ್ತು. ಮಧ್ಯಾಹ್ನದ ಮೇಲೆ ಪಾಠ ಮಾಡುತ್ತಿರುವಾಗ ಎದೆಹಾಲು ಒಸರಿ ಕುಪ್ಪಸ ತೊಯ್ಯುತ್ತಿತ್ತು. ಬೇಸಿಗೆಯ ಸೆಖೆಯಲ್ಲೂ ಸೆರಗು ಬಿಗಿಯಾಗಿ ಹೊದ್ದುಕೊಂಡು ತ್ರಿಕೋನದ ಕೋನಗಳನ್ನು ಹೇಳಿಕೊಡುತ್ತಿದ್ದೆ.

ಹಾಲು ನಿಂತುಹೋಯಿತು. ಅದನ್ನು ಹೇಗೋ ನುಂಗಿಕೊಂಡೆ. ಆದರೆ ಒಂದು ಭಾನುವಾರ ನಾನು ಎತ್ತಿಕೊಳ್ಳಲು ಕೈ ಚಾಚಿದರೆ ಕಲ್ಯಾಣಿ ಮುಖ ತಿರುಗಿಸಿ ಅವ್ವನ ಕುತ್ತಿಗೆ ತಬ್ಬಿಕೊಂಡಳು. ಯಾರೋ ನೆಂಟರ ಹೆಂಗಸನ್ನು ನೋಡಿದ ಹಾಗೆ ನನ್ನನ್ನು ನೋಡಿದಳು. ಅವಳು ಮೊದಲ ಸಲ "ಅವ್ವ" ಎಂದದ್ದೂ ನನ್ನ ಅವ್ವನಿಗೇ. ಮನೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಅಂದಿನಿಂದ ನನಗೆ ಮನೆಯದೇ ಹುಚ್ಚು ಹಿಡಿಯಿತು. ಪೋತ್ನಾಳದಲ್ಲಿ ಶಾಲೆಗೆ ನಡೆದು ಹೋಗುವಷ್ಟು ದೂರದಲ್ಲಿ ಎರಡು ಕೋಣೆ ಸಿಕ್ಕರೆ ಅವ್ವ ಅಪ್ಪ ಬಂದು ನನ್ನ ಜೊತೆ ಇರುತ್ತಾರೆ, ಮಧ್ಯಾಹ್ನದ ಬಿಡುವಿನಲ್ಲಿ ಓಡಿಬಂದು ನಾನೇ ಮಗಳಿಗೆ ತುತ್ತು ಉಣಿಸಬಹುದು. ನನಗೆ ಬೇಕಾಗಿದ್ದದ್ದು ಇಷ್ಟೇ. ನಮ್ಮವರ ಓಣಿಯಲ್ಲಿ ಕೇಳಿದೆ. ಅಲ್ಲಿ ಒಂದೊಂದು ಮನೆಯಲ್ಲಿ ಎರಡೆರಡು ಸಂಸಾರ. ಪಾಪ, ಅವರು ತಮ್ಮ ಪಡಸಾಲೆಯನ್ನೇ ಬಿಟ್ಟುಕೊಡಲು ಮುಂದೆ ಬಂದರು, ನಾನೇ ಒಪ್ಪಲಿಲ್ಲ. ಉಳಿದ ಓಣಿಗಳಲ್ಲಿ ಅಳಿಯಂದಿರು ಕಾವಲು ಕೂತಿದ್ದರು.

ಯಲ್ಲಾಲಿಂಗರಿಗೆ ನನ್ನ ಮೇಲೆ ಸಿಟ್ಟು ಬಂತು. "ನನ್ನ ಹೆಸರಿನ್ಯಾಗ ಲಿಂಗ ಅದ, ಮಾವನ ಹೆಸರಿನ್ಯಾಗೂ ಲಿಂಗ ಅದ. ಹೆಸರಷ್ಟ ಹೇಳಿ ಸುಮ್ನ ಕುಂದ್ರಾಕ ಏನ್ ಧಾಡಿ ನಿನಗ? ಕೇಳಿದ್ದಕ್ಕೆಲ್ಲ ಫಟ್ ಅಂತ ಹೇಳಿಬಿಡ್ತಿ."

"ಕೇಳಿದ್ರ ಏನ್ ಹೇಳ್ಲಿ ಮತ್ತ? ಸುಳ್ಳು ಹೇಳ್ಲಿ?"

"ಮಗಳ ಸಲುವಾಗಿ ಒಂದು ಸುಳ್ಳು ಹೇಳಿದ್ರ ಏನಾಗ್ತದ?"

ಅಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದ. ಅಪ್ಪ ರಾಮಲಿಂಗಪ್ಪ, ನಿವೃತ್ತ ಮಾಸ್ತರ. ಅವನ ತಂದೆ ತಾಯಿ ಕೂಲಿ ಮಾಡಿ ಓದಿಸಿದವರು. ನೌಕರಿಯ ಮೊದಲ ವರ್ಷ ಕಲ್ಲೂರಿನಲ್ಲಿ ಮನೆ ಸಿಗದೆ ಶಾಲೆಯ ಕಟ್ಟಿಗೆ ಇಡುವ ಕೋಣೆಯಲ್ಲೇ ಅಪ್ಪ ವಾಸವಾಗಿದ್ದ. ಹಿರೇಕೊಟ್ನೆಕಲ್‌ಗೆ ವರ್ಗವಾದ ಮೇಲೂ ಅದೇ ಕಥೆ. ಅವನು ಪೇಪರಿನಿಂದ ಕಣ್ಣು ತೆಗೆಯದೆಯೇ, "ಅಳಿಯಪ್ಪಾ, ಒಂದ್ಸಲ ಸುಳ್ಳು ಹೇಳಿ ಒಳಗ ಹೊಕ್ಕರ ದಿನಾ ಹೇಳಬೇಕಾಗ್ತದ. ನಾಳಿ ಆ ಕೂಸಿಗೂ ಕಲಿಸಬೇಕಾಗ್ತದ," ಎಂದ.

ಅಪ್ಪ ಬುದ್ಧನ ದಾರಿ ಹಿಡಿದವನು. ಆದರೆ ಅವ್ವ ಮೂಕಮ್ಮ ಹಾಗಲ್ಲ. ಹುಡುಗಿಯಾಗಿದ್ದಾಗ ದೊಡ್ಡ ಕಾಯಿಲೆ ಬಿದ್ದು ಎದ್ದ ಮೇಲೆ ಹರಕೆ ಹೊತ್ತವಳು. ಅಂದಿನಿಂದ ದಿನಾ ಮಿಂದು ಹಣೆತುಂಬ ವಿಭೂತಿ, ಸೋಮವಾರ ಒಪ್ಪತ್ತು, ಮಾಂಸ ತತ್ತಿ ಮುಟ್ಟುವುದಿಲ್ಲ. ನಮ್ಮ ಮನೆಯಲ್ಲಿ ಪಡಸಾಲೆಯ ಗೋಡೆ ಅಪ್ಪನದು, ಅಡುಗೆಮನೆಯ ಗೂಡು ಅವ್ವನದು. ಮೊಮ್ಮಗಳಿಗೆ ಸುಜಾತಾ ಎಂದು ಹೆಸರಿಡೋಣ ಎಂದು ಅಪ್ಪ, ಕಲ್ಯಾಣಿ ಎಂದು ಅವ್ವ. ಯಾರು ಗೆದ್ದರು ಎಂದು ಬೇರೆ ಹೇಳಬೇಕಿಲ್ಲ.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ರಂಜಾನಬಿಗೆ ಊರಿನ ಖಾಲಿ ಮನೆಗಳೆಲ್ಲ ಗೊತ್ತು. ಒಂದು ಸೋಮವಾರ ಅನ್ನದ ಸೌಟು ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಬಂದಳು. "ಟೀಚರ್, ಅಕ್ಕಿ ಮಿಲ್ಲಿನ ದೊಡ್ಡಪ್ಪನವರ ಬಾಜೂ ಮನಿ ಖಾಲಿ ಆಗ್ಯಾದ. ಬ್ಯಾಂಕಿನ ಸಾಹೇಬ್ರು ಬಿಟ್ಟು ಹೋದ್ರು. ಇವತ್ತ ನೋಡ್ರಿ, ನಾಳಿ ಅಂದ್ರ ಹೋತು."

"ಅವರಿಗೂ ಅಳಿಯ ಇದ್ದಾನೇನು ರಂಜಾನಬಿ?"

"ಖರೇನ ಇದ್ದಾನ್ರಿ, ಸಿಂಧನೂರಾಗ. ಮಗಳು ವಿಜಯಲಕ್ಷ್ಮಿ ಬಸುರಿ ಇದ್ದಾಳ, ಚೊಚ್ಚಲ. ಆದ್ರ ಅವಂದು ಸ್ವಂತ ಮನಿ, ದೊಡ್ಡದು. ಇಲ್ಲಿ ಯಾಕ ಬರ್ತಾನ?"

ಅಂದು ಅಪ್ಪ ಅವ್ವ ಕಲ್ಯಾಣಿಯನ್ನು ಎತ್ತಿಕೊಂಡು ಮಾನ್ವಿಯಲ್ಲಿದ್ದ ಸೋದರತ್ತೆಯ ಮನೆಗೆ ಬಂದಿದ್ದರು. ಫೋನು ಮಾಡಿ ಕರೆಸಿಕೊಂಡೆ. ಶಾಲೆ ಬಿಟ್ಟ ಮೇಲೆ ಎಲ್ಲರೂ ಕೂಡಿ ಹೋದೆವು. ಕಾಲುವೆ ರಸ್ತೆಯಲ್ಲಿ ಮಿಲ್ಲು, ಮಿಲ್ಲಿನ ಮಗ್ಗುಲಲ್ಲಿ ದೊಡ್ಡಪ್ಪನವರ ಮನೆ, ಅದಕ್ಕೆ ತಾಗಿದಂತೆ ಸಣ್ಣ ಮನೆ. ನಡುವೆ ಎದೆಯೆತ್ತರದ ಒಂದು ಗೋಡೆ. ಎರಡು ಕೋಣೆ, ಅಡುಗೆಮನೆ, ಹಿತ್ತಲಲ್ಲಿ ಬೇವಿನ ಗಿಡ. ಕಲ್ಯಾಣಿ ನುಣುಪು ಬಂಡೆಯ ನೆಲ ಕಂಡದ್ದೇ ಅಂಬೆಗಾಲಿಟ್ಟು ಆ ಮೂಲೆಯಿಂದ ಈ ಮೂಲೆಗೆ ಓಡಾಡಿದಳು. ನನಗೆ ಆಗಲೇ ಮನೆ ನನ್ನದಾಗಿಹೋಗಿತ್ತು.

ದೊಡ್ಡಪ್ಪ ಅಪ್ಪನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಹೆಸರು, ಊರು, ನೌಕರಿ ಕೇಳಿದರು. ಅವರ ಹೆಂಡತಿ ನೀಲಗಂಗಮ್ಮ ನಮ್ಮನ್ನು ಒಳಗೆ ಕರೆದರು. ಅವರ ಕಣ್ಣು ಮೊದಲು ಹೋದದ್ದು ಅವ್ವನ ಹಣೆಗೆ.

"ಚಾ ಕುಡೀರಿ ಅಕ್ಕಾ."

"ಬ್ಯಾಡ ಯವ್ವಾ. ಸೋಮವಾರ ನಂದು ಒಪ್ಪತ್ತು ಇರ್ತದ. ಚಾನೂ ಕುಡಿಯಂಗಿಲ್ಲ."

ನೀಲಗಂಗಮ್ಮನವರ ಮುಖ ಅರಳಿತು. "ನಂದೂ ಒಪ್ಪತ್ತ ಅಕ್ಕಾ! ಈಗಿನ ಮಂದಿ ಎಲ್ಲಿ ಮಾಡ್ತಾರ? ನಮ್ಮ ವಿಜಯಲಕ್ಷ್ಮಿಗೆ ಹೇಳಿ ಹೇಳಿ ಸಾಕಾತು. ತತ್ತಿಗಿತ್ತಿ ಏನೂ ಇಲ್ಲಲ್ಲ ಮತ್ತ?"

"ನಾ ಮುಟ್ಟಂಗಿಲ್ಲವ್ವಾ," ಎಂದಳು ಅವ್ವ. ಅದು ಪೂರಾ ನಿಜ. ಅಪ್ಪ ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಆಮ್ಲೆಟ್ ತಿನ್ನುವುದು ಅವನ ವಿಷಯ.

ಆಮೇಲೆ ಅವರಿಬ್ಬರೂ ನನ್ನನ್ನು ಮರೆತೇಬಿಟ್ಟರು. ಯಾವ ಹಿಟ್ಟಿಗೆ ಎಷ್ಟು ಉಪ್ಪು, ಮೊಣಕಾಲು ನೋವಿಗೆ ಯಾವ ಎಣ್ಣೆ, ಶ್ರಾವಣಕ್ಕೆ ಯಾವ ಅಡುಗೆ. ಕಲ್ಯಾಣಿ ಹರಿದುಕೊಂಡು ಹೋಗಿ ನೀಲಗಂಗಮ್ಮನವರ ಸೀರೆ ಹಿಡಿದು ಎದ್ದು ನಿಂತಳು. ಅವರು ಎತ್ತಿಕೊಂಡು ಸೊಂಟದ ಮೇಲೆ ಕೂಡಿಸಿಕೊಂಡರು. ನನ್ನ ಹತ್ತಿರ ಬರಲು ಬಿಗುಮಾನ ಮಾಡುವ ಮಗಳು ಅವರ ಮೂಗುತಿ ಹಿಡಿದು ಕುಲುಕುಲು ನಕ್ಕಳು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಬಾಗಿಲಿಗೆ ಬಂದಾಗ ನಾನು ಪ್ರಶ್ನೆಗಾಗಿ ಕಾದೆ. ಪ್ರಶ್ನೆ ಬರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಅವ್ವನ ಹಣೆಯೇ ಅವರಿಗೆ ಉತ್ತರವಾಗಿತ್ತು. ನೀಲಗಂಗಮ್ಮ ನನ್ನ ಕೈಗೆ ಕೀಲಿಕೈ ಕೊಟ್ಟು, "ಶುಕ್ರವಾರ ಬಂದು ಹಾಲು ಉಕ್ಕಿಸ್ರಿ. ನಾನ ಬಂದು ನಿನ್ನ ಉಡಿ ತುಂಬತೀನಿ. ಬಾಡಿಗಿ ಮಂದಿ ಅಂತ ತಿಳೀಬ್ಯಾಡವ್ವಾ, ನೀನೂ ನಮ್ಮ ವಿಜಯಲಕ್ಷ್ಮಿ ಇದ್ದಂಗ," ಎಂದರು.

ಹಿಂದಿರುಗುವ ಬಸ್ಸಿನಲ್ಲಿ, ಮಾನ್ವಿ ಬಂದಾಗ ಅಪ್ಪ, "ಅವರು ಕೇಳಲಿಲ್ಲ, ನಾವು ಹೇಳಲಿಲ್ಲ," ಎಂದ. ಅವ್ವ, "ಕೇಳದ ಮಂದಿಗೆ ತಾವಾಗಿ ಹೇಳಾಕ ನಾವೇನು ಡಂಗುರದವ್ರ?" ಎಂದಳು.

ಶುಕ್ರವಾರ ಯಲ್ಲಾಲಿಂಗ ರಜೆ ಹಾಕಿ ಸಾಮಾನಿನ ಗಾಡಿ ತಂದರು. ತೊಟ್ಟಿಲು, ಗ್ಯಾಸು, ಎರಡು ಟ್ರಂಕು, ಪಾತ್ರೆಯ ಚೀಲ. ಎಲ್ಲದಕ್ಕಿಂತ ಮೊದಲು ಅಪ್ಪ ತನ್ನ ಹಳೆಯ ಧೋತರದಲ್ಲಿ ಸುತ್ತಿದ ಬಾಬಾಸಾಹೇಬರ ಫೋಟೋ ಎದೆಗವಚಿಕೊಂಡು ಗಾಡಿಯಿಂದ ಇಳಿದ. ನಮ್ಮ ಮನೆತನದ ಪದ್ಧತಿ ಅದು. ಹೊಸ ಮನೆಗೆ ಮೊದಲು ಹೋಗುವುದು ಆ ಫೋಟೋ. ಆಮೇಲೆ ಒಲೆ, ಆಮೇಲೆ ಹಾಲು. ಕಲ್ಲೂರಿನ ಕಟ್ಟಿಗೆ ಕೋಣೆಗೂ ಅದು ಹಾಗೆಯೇ ಹೋಗಿತ್ತು.

ಅವ್ವ ಬಾಗಿಲಲ್ಲಿ ಅಡ್ಡ ನಿಂತಳು. "ಮಾಸ್ತರ್ರ, ಇದೊಂದು ದಿನ ಅದು ಟ್ರಂಕಿನ್ಯಾಗ ಇರ್ಲಿ. ಆಕಿ ಬಂದು ಉಡಿ ತುಂಬಿ ಹೋಗ್ಲಿ. ನಾಕು ದಿನ ಹೋಗ್ಲಿ, ಒಬ್ಬರಿಗೊಬ್ಬರು ಹೊಂದ್ಕೊಳ್ಳಿ. ಆಮ್ಯಾಲ ಕಟ್ಟಿದ್ರಾತು. ಬಾಬಾಸಾಹೇಬ ಏನ್ ಸಿಟ್ಟು ಮಾಡ್ಕೊಳ್ಳಂಗಿಲ್ಲ."

ಅಪ್ಪ ಫೋಟೋ ಗೋಡೆಗೆ ಒರಗಿಸಿ, ಜೇಬಿನಿಂದ ಮೊಳೆ ತೆಗೆದು, ಸುತ್ತಿಗೆಯ ಜೊತೆ ನನ್ನ ಕೈಗೆ ಕೊಟ್ಟ. "ನನ್ನ ಮನಿಗೊಳಾಗ ನಾ ಹೊಡದೀನಿ. ಇದು ನಿನ್ನ ಮನಿ. ಹೊಡಿತಿಯೋ ಬಿಡ್ತಿಯೋ ನೀನ ನೋಡು. ನಾ ಏನೂ ಅನ್ನಂಗಿಲ್ಲ." ಹೇಳಿದವನು ಹಿತ್ತಲಿಗೆ ಹೋಗಿಬಿಟ್ಟ. ಸಿಟ್ಟು ಮಾಡಿದ್ದರೆ ಜಗಳವಾಡಬಹುದಿತ್ತು. ಹೀಗೆ ಕೈಗೆ ಕೊಟ್ಟು ಹೋದರೆ ಏನು ಮಾಡುವುದು?

ಯಲ್ಲಾಲಿಂಗ ನನ್ನ ಮುಖ ನೋಡುತ್ತಿದ್ದರು. ಕಲ್ಯಾಣಿ ಟ್ರಂಕು ಹಿಡಿದು ನಿಂತು ಏನೋ ಹಾಡಿಕೊಳ್ಳುತ್ತಿದ್ದಳು. ನನಗೆ ನಿಜವಾಗಿ ಹೆದರಿಕೆಯಾಯಿತು. ಮೊಳೆ ಹೊಡೆದರೆ ಸಂಜೆಯೇ ತೊಟ್ಟಿಲು ಮತ್ತೆ ಗಾಡಿ ಹತ್ತಬಹುದು, ಮಗಳು ಮತ್ತೆ ನನ್ನ ಕಡೆ ನೆಂಟರ ಹೆಂಗಸನ್ನು ನೋಡಿದಂತೆ ನೋಡಬಹುದು. ಹೊಡೆಯದಿದ್ದರೆ? ಇವತ್ತು ಫೋಟೋ ಟ್ರಂಕಿನಲ್ಲಿ. ನಾಳೆ ಅಣ್ಣ ತಮ್ಮಂದಿರು ಬಂದರೆ ಮೆಲ್ಲಗೆ ಮಾತಾಡಿ ಎನ್ನಬೇಕು. ನಾಡಿದ್ದು ಮಗಳು ಮಾತು ಕಲಿತಾಗ, ಬಾಜೂ ಮನೆಯಲ್ಲಿ ಏನು ಹೇಳಬೇಕು, ಏನು ಹೇಳಬಾರದು ಎಂದು ಕಲಿಸಿ ಕಳಿಸಬೇಕು. ಆ ಮಗಳನ್ನು ಹತ್ತಿರ ಇಟ್ಟುಕೊಳ್ಳಲೆಂದೇ ಅಲ್ಲವೇ ನಾನು ಇಷ್ಟು ಅಲೆದದ್ದು? ಅವಳಿಗೆ ಮೊದಲು ಕಲಿಸುವ ಪಾಠ ಇದೇ ಆಗಬೇಕೇ? ನನ್ನ ಮೇಲೆಯೇ ನನಗೆ ಸಿಟ್ಟು ಬಂತು.

ಸ್ಟೂಲು ಎಳೆದುಕೊಂಡು ಹತ್ತಿದೆ. ಮೊದಲ ಮೊಳೆ ಬಾಗಿತು. ಯಲ್ಲಾಲಿಂಗ ಇನ್ನೊಂದು ಮೊಳೆ ಕೊಟ್ಟರು, ಸ್ಟೂಲು ಅಲುಗದಂತೆ ಹಿಡಿದುಕೊಂಡರು. ಅವ್ವ ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆ ಒಲೆಯ ಮೇಲಿಟ್ಟಳು. ಸುತ್ತಿಗೆಯ ಸದ್ದು ಮಿಲ್ಲಿನ ತನಕ ಕೇಳುವಂತಿತ್ತು.

ಹಾಲು ಬಿಸಿಯಾಗುತ್ತಿದ್ದಾಗ ನೀಲಗಂಗಮ್ಮ ಬಂದರು. ರೇಷ್ಮೆ ಸೀರೆ ಉಟ್ಟಿದ್ದರು. ಕೈಯಲ್ಲಿ ಹಿತ್ತಾಳೆಯ ತಾಟು, ಅದರ ತುಂಬ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಬಾಳೆಹಣ್ಣು, ಹಸಿರು ಕುಪ್ಪಸದ ಖಣ. "ಏನವ್ವಾ, ಬಂದ ತಕ್ಷಣ ಗ್ವಾಡಿ ಒಡೆಯಾಕತ್ತೀಯಲ್ಲ!" ಎಂದು ನಗುತ್ತಲೇ ಹೊಸ್ತಿಲು ದಾಟಿ ಒಳಗೆ ಬಂದರು. ಕಲ್ಯಾಣಿ ಅವರನ್ನು ಗುರುತಿಸಿ ಕೈ ಚಾಚಿದಳು. ಅವರು ತಾಟು ಒಂದು ಕೈಗೆ ಬದಲಿಸಿಕೊಂಡು ಮಗುವಿನ ಕಡೆ ಬಾಗುವಾಗ ಗೋಡೆ ಕಂಡಿತು.

ಬಾಗಿದವರು ಹಾಗೆಯೇ ನೆಟ್ಟಗಾದರು.

"ಇದು... ನಿಮ್ಮ ಶಾಲೀದೇನು?"

"ಅಲ್ರಿ. ನಮ್ಮ ಮನೀದು," ಎಂದೆ. "ನಾವು ಅವರ ಪೈಕಿನ."

ನೀಲಗಂಗಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿದರು. ಸೋಮವಾರ ಬಾಯಿತುಂಬ ಅಕ್ಕಾ ಎಂದವರು ಈಗ ಏನೆಂದು ಕರೆಯುವುದು ಎಂದು ತಿಳಿಯದೆ ತಡವರಿಸಿದರು. "ನೀವು... ಹಣಿತುಂಬ ವಿಭೂತಿ ಹಚ್ಕೊಂಡು... ಒಪ್ಪತ್ತು ಅಂದ್ರಿ. ಹಿಂಗ ಮೋಸ ಮಾಡಬಾರದಿತ್ತು."

ಅವ್ವ ಜಗಳಗಂಟಿ. ಓಣಿಯಲ್ಲಿ ಅವಳ ಬಾಯಿಗೆ ಎದುರಿಲ್ಲ. ಅಂದು ಮಾತ್ರ ಅವಳ ದನಿ ಏರಲಿಲ್ಲ. "ವಿಭೂತಿ ಖರೇನ ಅದ ಯವ್ವಾ. ಒಪ್ಪತ್ತೂ ಖರೇನ ಅದ. ನಿಮಗ ಕಾಣಲಿ ಅಂತ ನಾ ಹಚ್ಚಿಲ್ಲ. ನಿಮ್ಮ ಹಂಗ, ದೇವ್ರಿಗೆ ಕಾಣಲಿ ಅಂತ ಹಚ್ಚೀನಿ."

ನೀಲಗಂಗಮ್ಮ ಬಾಗಿಲ ಕಡೆ ಹೆಜ್ಜೆ ಇಟ್ಟರು. ಹೊಸ್ತಿಲ ಹತ್ತಿರ ಅವರ ಕಾಲು ನಿಂತಿತು. ಕೈಯಲ್ಲಿ ತಾಟು ಇತ್ತು. ಉಡಿ ತುಂಬಲು ತಂದ ಅಕ್ಕಿಯನ್ನು ತುಂಬದೆ ತಿರುಗಿ ಮನೆಗೆ ಒಯ್ಯಬಾರದು. ಒಯ್ದರೆ ಒಯ್ದವರ ಮನೆಯ ಬಸುರಿಗೆ, ಬಾಣಂತಿಗೆ ಕೇಡು ಎನ್ನುತ್ತಾರೆ ನಮ್ಮ ಕಡೆ. ಅವರ ಮಗಳಿಗೆ ಏಳು ತಿಂಗಳು. ತಾಟು ಮನೆಗೆ ಒಯ್ಯುವಂತಿಲ್ಲ. ನನ್ನ ಉಡಿಗೆ ಹಾಕಲು ಕೈ ಬರುವುದಿಲ್ಲ. ಆ ಹೆಂಗಸು ನಮ್ಮ ಹೊಸ್ತಿಲ ಮೇಲೆ ತಾಟು ಹಿಡಿದುಕೊಂಡು ಅತ್ತ ಇಲ್ಲ, ಇತ್ತ ಇಲ್ಲ ಎಂದು ನಿಂತಿದ್ದರು. ತಾಟು ವಾಲಿ ಅಕ್ಕಿ ಕಾಳು ಉದುರುತ್ತಿದ್ದವು. ನನಗೆ ಪಾಪ ಎನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ರೇಗಿತು ಕೂಡ. ಉಡಿ ಒಡ್ಡಲೋ ಬೇಡವೋ ಎಂದು ಸೆರಗು ಹಿಡಿದುಕೊಂಡೇ ನಿಂತಿದ್ದೆ.

ಕೊನೆಗೆ ಅವರು ಬಗ್ಗಿ ತಾಟನ್ನು ಹೊಸ್ತಿಲ ಒಳಗೆ ನೆಲದ ಮೇಲಿಟ್ಟರು. ಯಾರ ಮುಖವನ್ನೂ ನೋಡದೆ ಹೊರಟುಹೋದರು. ಅಡುಗೆಮನೆಯಲ್ಲಿ ಸುರ್ ಎಂದು ಸದ್ದಾಯಿತು. ಹಾಲು ಉಕ್ಕಿ ಒಲೆ ಆರಿಹೋಗಿತ್ತು. ನಮ್ಮಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ.

ಸಂಜೆ ದೊಡ್ಡಪ್ಪ ಬಂದರು. ಒಳಗೆ ಬರಲಿಲ್ಲ, ಗೇಟಿನ ಹೊರಗೆ ನಿಂತು ಅಪ್ಪನನ್ನು ಕರೆದರು. ನಾನೇ ಹೋದೆ. ಅವರು ಕಾಲುವೆಯ ಕಡೆ ನೋಡುತ್ತಾ ಹೇಳಿದರು, "ಟೀಚರ್, ಒಂದು ಮಾತು ಮರ್ತಿದ್ದೆ. ನಮ್ಮ ಅಳಿಯ..."

ನನಗೆ ನಗು ತಡೆಯಲಾಗಲಿಲ್ಲ. ಅವರು ಗಾಬರಿಯಾಗಿ ನನ್ನನ್ನು ನೋಡಿದರು. ನಗು ನಿಂತ ಮೇಲೆ ಹೇಳಿದೆ, "ಬರ್ಲಿ ಯಪ್ಪಾ. ಅಳಿಯ ಅಂದ್ರ ಬರಬೇಕಾದಾಂವನ. ಅವ್ರು ಸಾಮಾನು ಇಳಿಸಿದ ದಿನ ಹೇಳ್ರಿ, ಅವತ್ತ ಕೀಲಿಕೈ ಕೊಡ್ತೀನಿ. ಅಲ್ಲೀತನ ನಾವು ಇಲ್ಲೇ ಇರ್ತೀವಿ."

"ಹಂಗಲ್ಲವ್ವಾ, ಮನ್ಯಾಗ ಹೆಣ್ಮಕ್ಕಳಿಗೆ..."

"ಹೆಣ್ಮಕ್ಕಳಿಗೆ ಏನ್ ತೊಂದರಿ ಅಂತ ಬಾಯಿಬಿಟ್ಟು ಹೇಳ್ರಿ ಯಪ್ಪಾ. ನಾಕು ಮಂದಿ ಮುಂದ ಹೇಳ್ರಿ. ಕೇಳಿ ಹೋಗ್ತೀವಿ."

ಅವರು ಹೇಳಲಿಲ್ಲ. ಹೇಳಿದರೆ ಅದು ಕೋರ್ಟು ಕಚೇರಿಯ ಮಾತಾಗುತ್ತದೆ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಮಿಲ್ಲಿನ ಕಡೆ ನಡೆದರು. ಒಳಗೆ ಬಂದು ಕೂತುಬಿಟ್ಟೆ.

ತಾಟಿನಲ್ಲಿದ್ದ ಅಕ್ಕಿಯನ್ನು ಅವ್ವ ಪಾಯಸ ಮಾಡಿದಳು. ಅನ್ನ ಅನ್ನವೇ, ಅದಕ್ಕೇನು ಗೊತ್ತು ಎಂದಳು. ನಮ್ಮ ಕಡೆ ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ತಿರುಗಿಸುವ ಪದ್ಧತಿ ಇಲ್ಲ. ತಾಟು ಬೆಳಗಿ, ಸಕ್ಕರೆ ಹಾಕಿ, ಮರುದಿನ ಗೋಡೆಯ ಹತ್ತಿರ ಹೋಗಿ ಕರೆದೆ. ನೀಲಗಂಗಮ್ಮ ಬಂದು, ನೋಡಿ, "ಇರ್ಲಿ, ನಮಗ ಬ್ಯಾಡ," ಎಂದು ಒಳಗೆ ಹೋದರು. ಮತ್ತೊಮ್ಮೆ ಕೊಡಲು ಹೋದಾಗಲೂ ಅಷ್ಟೇ. ನಾವು ಮುಟ್ಟಿದ ತಾಟು ಅವರಿಗೆ ಬೇಡ. ದಪ್ಪ ಹಿತ್ತಾಳೆಯದು, ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ "ನೀಲಗಂಗಮ್ಮ" ಎಂದು ಹೆಸರು ಕೊರೆಸಿದ್ದು, ಮದುವೆಯಲ್ಲಿ ತವರಿನವರು ಕೊಟ್ಟದ್ದೇ ಇರಬೇಕು. ಅದೇ ವಾರ ಎರಡೂ ಮನೆಗೆ ನೀರು ಬರುತ್ತಿದ್ದ ಟ್ಯಾಂಕಿನ ಪೈಪು ತೆಗೆಸಿ ನಮ್ಮ ಮಾಳಿಗೆಯ ಮೇಲೆ ಬೇರೆ ಕರಿ ಟ್ಯಾಂಕು ಕೂಡಿಸಿದರು. ರಂಜಾನಬಿ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹಿಂಗ ನಡೀಲಿ ಟೀಚರ್, ವರ್ಷದಾಗ ಮಿಲ್ಲೂ ನಿಮಗ ಬಿಟ್ಟುಕೊಡ್ತಾರ."

ನಗುವುದೇನೋ ನಕ್ಕೆವು. ಆದರೆ ಅವ್ವ ಮೊದಲಿನಂತಿರಲಿಲ್ಲ. ಸೋಮವಾರ ಬೆಳಿಗ್ಗೆ ಮಿಂದು ಬಂದು ವಿಭೂತಿ ಹಚ್ಚಿಕೊಳ್ಳುವಾಗ ಒಂದೊಂದು ಸಲ ಕೈ ತಡೆದು ನಿಲ್ಲುತ್ತಿತ್ತು. ಗೋಡೆಯಾಚೆ ನೀಲಗಂಗಮ್ಮನವರ ಪೂಜೆಯ ಗಂಟೆಯ ಸದ್ದು ಕೇಳುತ್ತಾ ಕೂರುತ್ತಿದ್ದಳು. ಮೋಸ ಎಂಬ ಆ ಮಾತು ಅವಳಿಗೆ ನಾಟಿತ್ತು. ನಾನು ಅದಕ್ಕೆ ಏನೂ ಮಾಡಲಾರದವಳಾಗಿದ್ದೆ. ಈ ಒಂದು ವಿಷಯದಲ್ಲಿ ನೀಲಗಂಗಮ್ಮನನ್ನು ನಾನು ಈಗಲೂ ಕ್ಷಮಿಸಿಲ್ಲ.

ಕಲ್ಯಾಣಿ ಮಾತ್ರ ತಾಟನ್ನು ತನ್ನದು ಮಾಡಿಕೊಂಡಳು. ಊಟ ಅದರಲ್ಲೇ ಆಗಬೇಕು, ಸ್ಟೀಲಿನ ತಟ್ಟೆ ಕೊಟ್ಟರೆ ಎಸೆಯುತ್ತಾಳೆ. ಮಧ್ಯಾಹ್ನ ಬಿಡುವಿನ ಗಂಟೆ ಹೊಡೆದದ್ದೇ ನಾನು ಓಡಿಬರುತ್ತೇನೆ. ಶಾಲೆಯ ಗಂಟೆ ಕೇಳಿದ್ದೇ ಅವಳು ಚಮಚ ಹಿಡಿದು ತಾಟು ಬಾರಿಸಲು ಶುರುಮಾಡುತ್ತಾಳೆ. ಹಿತ್ತಾಳೆಯ ಸದ್ದು ಕಾಲುವೆಯ ಸೇತುವೆಗೇ ಕೇಳಿಸುತ್ತದೆ. ಗೇಟು ಸರಿಸಿದರೆ ಬಾಗಿಲಲ್ಲಿ ನಿಂತಿರುತ್ತಾಳೆ. ಒಂದು ದಿನ ಹಾಗೆ ನಿಂತು, ನನ್ನನ್ನು ನೋಡಿ "ಅವ್ವ" ಎಂದಳು. ಹಿಂದೆ ನನ್ನ ಅವ್ವ ಇದ್ದಳು, ಅವಳಿಗೆ ಹೇಳಿದ್ದಿರಬೇಕು ಎಂದುಕೊಂಡೆ. ಕಲ್ಯಾಣಿ ಹೊಸ್ತಿಲು ಹಿಡಿದು ಇಳಿದು, ಎರಡು ಕೈಯನ್ನೂ ನನ್ನ ಕಡೆ ಚಾಚಿ ಇನ್ನೊಮ್ಮೆ ಹೇಳಿದಳು. ಮನೆ ಸಿಕ್ಕಿತು ಎಂದು ನನಗೆ ಅನ್ನಿಸಿದ್ದು ಅಂದು.

ವಿಜಯಲಕ್ಷ್ಮಿ ಬಾಣಂತನಕ್ಕೆ ಬಂದಳು, ಗಂಡು ಮಗು ಹೆತ್ತಳು. ಹೆಂಡತಿ ಮಗುವನ್ನು ನೋಡಲು ಅಳಿಯನೂ ಕಾರಿನಲ್ಲಿ ಬಂದ. ನಾನು ಗೋಡೆಯ ಮೇಲಿಂದ ಕಣ್ಣುತುಂಬ ನೋಡಿದೆ. ಪೋತ್ನಾಳದಲ್ಲಿ ನಾನು ಕಂಡ ಮೊದಲ ಖರೇ ಅಳಿಯ. ಹೋಳಿಗೆ ಉಂಡು, ಮಾವನ ಮಂಚದ ಮೇಲೆ ಮಲಗಿ, ಮರುದಿನ ಸಿಂಧನೂರಿಗೆ ಹೋದ. ಕೀಲಿಕೈಯನ್ನು ಯಾರೂ ಕೇಳಲಿಲ್ಲ.

ಮೊನ್ನೆ ಸಂಜೆ ಕಲ್ಯಾಣಿಗೆ ಜ್ವರ ಬಂತು. ನಿನ್ನೆ ನಾನು ರಜೆ ಹಾಕಿ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಮಧ್ಯಾಹ್ನ ಒದ್ದೆ ಬಟ್ಟೆ ಒಣಗಿಸಲು ಹಿತ್ತಲಿಗೆ ಹೋದಾಗ ಗೋಡೆಯ ಆಚೆ ನೀಲಗಂಗಮ್ಮ ನಿಂತಿದ್ದರು. ಅಷ್ಟು ತಿಂಗಳಲ್ಲಿ ಅವರು ತಾವಾಗಿ ಮಾತಾಡಿದ್ದೇ ಇಲ್ಲ.

"ಇವತ್ತ ತಾಟಿನ ಸಪ್ಪಳ ಬರಲಿಲ್ಲ," ಎಂದರು. ನನ್ನ ಮುಖ ನೋಡಲಿಲ್ಲ, ಬೇವಿನ ಗಿಡ ನೋಡುತ್ತಿದ್ದರು.

"ಜ್ವರ ಬಂದಾವ್ರಿ."

"ಎರಡು ದಿನ ಆತೇನು?"

"ನಿನ್ನಿ ಸಂಜಿಯಿಂದ."

"ಹೂಂ," ಎಂದರು. ಒಳಗೆ ಬರುತ್ತೇನೆ ಎನ್ನಲಿಲ್ಲ, ಬನ್ನಿ ಎಂದು ನಾನೂ ಕರೆಯಲಿಲ್ಲ. ಬಾಯಿಯ ತನಕ ಬಂದಿತ್ತು. ಅವ್ವನ ಕೈ ಹಣೆಯ ಹತ್ತಿರ ತಡೆದು ನಿಲ್ಲುವುದು ನೆನಪಾಗಿ ಸುಮ್ಮನಾದೆ. ಅವರು ಸೆರಗು ಹೊದ್ದುಕೊಂಡು ಒಳಗೆ ಹೋದರು.

ರಾತ್ರಿ ಜ್ವರ ಇಳಿಯಿತು. ಇವತ್ತು ಮಧ್ಯಾಹ್ನ ಓಡಿಬಂದು ನೋಡಿದರೆ ಕಲ್ಯಾಣಿ ಎದ್ದು ಕೂತಿದ್ದಳು, ಆದರೆ ಸೋತಿದ್ದಳು, ಚಮಚ ಮುಟ್ಟಿರಲಿಲ್ಲ. ಅನ್ನ ಕಲಸಿ ನಾಲ್ಕು ತುತ್ತು ಉಣಿಸಿದೆ. ಬಾಯಿ ಒರೆಸಿ, ತಾಟು ತೊಳೆದು ತಂದು, ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಗೋಡೆಯ ಹತ್ತಿರ ಕೂತೆ. ಅವಳ ಕೈಗೆ ಚಮಚ ಕೊಟ್ಟೆ.

"ಬಾರ್ಸವ್ವಾ," ಎಂದೆ. "ಜೋರ್ ಬಾರ್ಸು. ಕೇಳಾಕತ್ತಾರ."